ಎಳ್ಳಷ್ಟು

ಗುತ್ತಲು ರಸ್ತೆಯ ಪಾರಿವಾಳದ ಗುಂಪಿಗೆ
ನಾನು ಅಡ್ಮಿನ್. ಯಾರೂ ಆರಿಸಿದ್ದಲ್ಲ;
ಹೊಲಿಗೆ ಮಿಷನ್ ರಿಪೇರಿಯವನಿಗೆ ಸಹನೆ ಜಾಸ್ತಿ ಅಂತ
ಯಾರೋ ಅಂದರು, ಫೋನು ಕಿತ್ತುಕೊಂಡು ಮಾಡಿಬಿಟ್ಟರು.
ನಿಯಮ ಒಂದೇ, ಎಲ್ಲಕ್ಕೂ ಮೇಲೆ, ದಪ್ಪಕ್ಷರದಲ್ಲಿ:
ಹಕ್ಕಿ ಬಿಟ್ಟು ಬೇರೆ ಮಾತು ಬೇಡ.

ವರ್ಷವೆಲ್ಲ ಹಾಗೇ ನಡೆಯಿತು.
ಸಜ್ಜೆ ಎಷ್ಟು, ರಾಗಿ ಎಷ್ಟು,
ಗರಿ ಉದುರುವ ತಿಂಗಳಲ್ಲಿ ಬೆಳ್ಳುಳ್ಳಿ ಕೊಡಬಹುದಾ,
ನಯಾಜನ ಚಾವಣಿಗೆ ಬಂದ ಬೆಕ್ಕು ಯಾರದು,
ಇದಕ್ಕೇ ರಾತ್ರಿ ಹನ್ನೊಂದರವರೆಗೆ ಜಗಳ.
ಒಳ್ಳೆ ಜಗಳ. ಬೆಳಿಗ್ಗೆಗೆ ಆರಿರುತ್ತಿತ್ತು.

ಎಲೆಕ್ಷನ್ ಬಂತು.
ಮೊದಲು ಒಂದು ಬಾವುಟ, ಚಿಕ್ಕದು,
ಶುಭೋದಯದ ಗುಲಾಬಿಯ ಪಕ್ಕ.
ಆಮೇಲೆ ಬೆಟ್ಟಪ್ಪ ಕೇಳಿದ: ನಾಲೆಗೆ ನೀರು ಬಿಡಿಸಿದ್ದು ಯಾರು?
ದಾಸೇಗೌಡ ಕೇಳಿದ: ನಿಲ್ಲಿಸಿದ್ದು ಯಾರು?
ಕಬ್ಬಿನ ಬಾಕಿ ಬಂತು, ಬಾಯ್ಲರ್ ಬಂತು,
ಇವರಪ್ಪ ಬಂದ, ಅವರಜ್ಜ ಬಂದ,
ಯಾವ ಕಾಲದ್ದೋ ಸೊಸೈಟಿ ಚುನಾವಣೆಯ
ಗೊಬ್ಬರದ ಮೂಟೆ ಬಂತು.
ನಾನು ಅಳಿಸುತ್ತ ಹೋದೆ,
ಅವರು ಬರೆಯುತ್ತ ಹೋದರು.

‘ನಿಂಗೆ ಎಳ್ಳಷ್ಟೂ ಮಾನ ಇಲ್ಲ ಕನಯ್ಯ’ ಅಂದ ಬೆಟ್ಟಪ್ಪ.
ದಾಸೇಗೌಡ ನಗುವ ಮುಖ ಕಳಿಸಿದ.
ಕಳ್ಳ ಅಂದಾಗಲೂ ನಗುವ ಮುಖ.
ಗುಲಾಮ ಅಂದಾಗ ಎರಡು.
ಆಗ ಹನ್ನೆರಡೂ ಕಾಲಿಗೆ ಬೆಟ್ಟಪ್ಪ ಬರೆದ:
‘ನಿನ್ನ ಬೂದಿ ಹೆಣ್ಣೂ ನಿನ್ನಂಗೇಯ,
ಯಾವ ಚಾವಣೀಲಿ ಕಾಳೋ ಆ ಚಾವಣಿ.’

ಆ ಹಕ್ಕಿಯನ್ನು ಮೊಟ್ಟೆಯಿಂದ ಬಲ್ಲೆವು ನಾವು.
ತಾಯಿಹಕ್ಕಿ ಸತ್ತಾಗ ಅಂಗಿಯೊಳಗಿಟ್ಟು,
ಕಡಲೆ ಅಗಿದು ಬಾಯಿಂದ ಬಾಯಿಗೆ ಕೊಟ್ಟು
ಸಾಕಿದ್ದ ಅವನು.
ಪರದೆಯ ನಡುವೆ ಸಣ್ಣ ಬೂದು ಸಾಲು:
ದಾಸೇಗೌಡ ಗುಂಪು ತೊರೆದರು.
ಎಲ್ಲರ ಫೋನಿನಿಂದಲೂ ಅದನ್ನು ಅಳಿಸಲು
ಅಡ್ಮಿನ್ನಿಗೂ ಬರುವುದಿಲ್ಲ.

ಪಂದ್ಯದ ನಿಯಮ ಬೇರೆ, ಹಳೇ ನೋಟ್‌ಬುಕ್ಕಿನದು.
ಹಾರಿಸುವವನ ಚಾವಣಿಯಲ್ಲಿ ಎದುರಾಳಿಯೊಬ್ಬ ಕೂರಬೇಕು.
ಗಂಟೆಗೊಮ್ಮೆ ಹಕ್ಕಿ ಕಣ್ಣಿಗೆ ಬೀಳಬೇಕು,
ಬೀಳದಿದ್ದರೆ ಆಟ ಮುಗಿಯಿತು.
ಚೀಟಿ ಎತ್ತಿದರೆ ಬೆಟ್ಟಪ್ಪನ ಹೆಸರು.
ಬದಲಾಯಿಸಲಾ ಅಂದೆ.
‘ಚೀಟಿ ಅಂದ್ರೆ ಚೀಟಿ’ ಅಂದ.

ಆರು ಗಂಟೆಗೆ ತನ್ನದೇ ಪ್ಲಾಸ್ಟಿಕ್ ಕುರ್ಚಿ ಹೊತ್ತು
ಮೆಟ್ಟಿಲು ಹತ್ತಿದ.
ಪುಟ್ಟತಾಯಮ್ಮ ಇಟ್ಟ ಟೀ ಕೆನೆಗಟ್ಟಿತು, ಇರುವೆ ಬಂದವು.
ಎರಡನೇ ಲೋಟ
ಯಾರೂ ನೋಡದಾಗ ಖಾಲಿಯಾಯಿತು.

ನಾನು ನಡುವೆ, ನೀರಿನ ಟ್ಯಾಂಕಿನ ನೆರಳಲ್ಲಿ.
ಒಂಬತ್ತು ಗಂಟೆ ಮೂವರ ಕತ್ತೂ ಆಕಾಶಕ್ಕೆ.
ಮೇಲೆ ನೋಡುವವರ ಗಂಟಲು ಎಷ್ಟು ಬರಿದು!
ಕೋಳಿಯ ಹಾಗೆ, ಯಾರು ಬೇಕಾದರೂ ಕೊಯ್ಯಬಹುದು.

ಮೂರಕ್ಕೆ ಕಂಡಿದ್ದೇ ಕೊನೆ.
ದಾಸೇಗೌಡನ ಬಲಗಣ್ಣಿಗೆ ಪೊರೆ, ಎಡಗಣ್ಣಲ್ಲಿ ನೀರು.
ನನಗೆ ಬರೀ ಬಿಸಿಲು.
ಗಂಟೆ ತುಂಬಲು ಎರಡು ನಿಮಿಷ.
ಬೆಟ್ಟಪ್ಪನ ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಪೆನ್ನು.
ಸುಮ್ಮನಿದ್ದರೆ ಸಾಕಿತ್ತು.
ಸುಳ್ಳು ಕೂಡ ಹೇಳಬೇಕಿರಲಿಲ್ಲ.

‘ಅಗೋ’ ಅಂದ, ಯಾರ ಮುಖವನ್ನೂ ನೋಡದೆ,
‘ಸಕ್ಕರೆ ಕಾರ್ಖಾನೆ ಚಿಮಣಿ ಎಡಕ್ಕೆ, ಒಂದು ಮಾರು ಮೇಲೆ.
ಎಳ್ಳಷ್ಟು.’

‘ರೆಕ್ಕೆ ಆಡಿಸ್ತಾ ಐತಾ?’
‘ಐತೆ.’

ಆರೂ ಹತ್ತಕ್ಕೆ ಇಳಿಯಿತು ಬೂದಿ ಹೆಣ್ಣು, ತನ್ನ ಚಾವಣಿಗೆ.
ಬೆಟ್ಟಪ್ಪ ಬರೆದ: ಹನ್ನೆರಡು ಗಂಟೆ ಏಳು ನಿಮಿಷ,
ಹಿಂದಿನ ವಾರ ತನ್ನ ಹಕ್ಕಿ ಆಡಿದ್ದಕ್ಕಿಂತ
ನಲವತ್ತು ನಿಮಿಷ ಹೆಚ್ಚು.
ಅಂಕಿಯಲ್ಲೂ ಬರೆದ, ಅಕ್ಷರದಲ್ಲೂ, ಚೆಕ್ಕಿಗೆ ಬರೆದ ಹಾಗೆ.
ಕುರ್ಚಿ ತಲೆಗೆ ಮಗುಚಿಕೊಂಡು ಇಳಿದ.
ಬೀದಿಯಲ್ಲಿ ನಿಂತು ಕೂಗಿದ:
‘ನಾಲೆ ವಿಷ್ಯದಲ್ಲಿ ನಾನ್ ಹೇಳಿದ್ದೇ ಸರಿ ಕನಯ್ಯ!’
‘ಹೋಗ್ಲಾ, ಹೋಗು’ ಅಂದಿತು ಮೇಲಿನ ಕತ್ತಲೆ,
ಕಾಳು ಎರಚುತ್ತ.

ದಾಸೇಗೌಡನನ್ನು ಮತ್ತೆ ಸೇರಿಸಿಲ್ಲ. ಅವನೂ ಕೇಳಿಲ್ಲ.
ನಿಯಮ ತಿದ್ದೋಣ ಅಂತ ಎರಡು ರಾತ್ರಿ ಕೂತೆ.
ಬೆರಳಿಗೆ ಮಿಷನ್ ಎಣ್ಣೆ;
ಒಂದು ಅಕ್ಷರ ಒತ್ತಿದರೆ
ಪಕ್ಕದ್ದು ಬೀಳುತ್ತದೆ.