ಕೇಜಿಗೆ ನಲವತ್ತು

ಮಂಡಿ ಮೊಹಲ್ಲಾದ ಗುಜರಿಯಲ್ಲಿ
ಸನಾವುಲ್ಲಾ ಸಾಬರು ಕ್ಯಾಸೆಟ್ಟುಗಳನ್ನು ತಕ್ಕಡಿಗೆ ಸುರಿದರು.
'ಹಾಡಿಲ್ಲ ಸಾರ್ ಇದ್ರಲ್ಲಿ, ಬರೀ ಕಿರ್ರ್ ಅಂತದೆ.'
ಅದೇ ಬೇಕಿತ್ತು ನನಗೆ.

ಆಗಲೂ ಅಗ್ಗದವೇ ಇವು:
ಹೊದಿಕೆಯ ಮೇಲೆ ಡ್ರ್ಯಾಗನ್ನು, ಬೆಂಕಿ, ಬಿಚ್ಚುಗತ್ತಿ;
ಒಳಗೆ ಎಂಟು ಚುಕ್ಕಿ ಎತ್ತರದ ಒಬ್ಬ ಕುಳ್ಳ.

ಕುಂಬಾರಕೊಪ್ಪಲಿನ ಮಹಡಿಕೋಣೆ, ರಾತ್ರಿ ಹನ್ನೊಂದು.
ರೆಕಾರ್ಡರಿನ ಹೆಡ್ಡಿನ ತಿರುಪನ್ನು
ಕೂದಲೆಳೆಯಷ್ಟು ತಿರುಗಿಸುತ್ತೇನೆ.
ಟೀವಿಯ ಅಂಚಿಗೆ ಹಳದಿ ನೀಲಿ ಗೀರು,
ಐದು ನಿಮಿಷ ಜೀರುಂಡೆ.
ಕೆಳಗಿನ ಮನೆಯಲ್ಲಿ ಪುಟ್ಟತಾಯಮ್ಮ
ಬೇಕೆಂದೇ ಕೆಮ್ಮುತ್ತಾರೆ.

ಆರನೇ ಸಲಕ್ಕೆ ಕುಳ್ಳ ಎದ್ದು ನಿಂತ.
ಮೂರು ಹೆಜ್ಜೆ. ಗುಂಡಿ.

ಹೊದಿಕೆಯ ಒಳಮೈಯಲ್ಲಿ ಪೆನ್ಸಿಲ್ಲಿನ ಅಕ್ಷರ:
'ಗುಂಡಿ ದಾಟಕ್ಕೆ ಆಗಲ್ಲ. ಎಲ್ಲಾ ನೋಡಿದೀನಿ.
ಜಯಶೀಲ, ೭ನೇ ಬಿ.'

ಇನ್ನೂ ಎರಡು ಜೀವ ಇದೆಯಲ್ಲೋ, ಜಯಶೀಲ.