ತಳಿ

ಊರ ಹೆಸರು ತಳಿ. ನಾನು ಬರೆಯುವುದೂ ತಳಿಗಳ ಹೆಸರೇ.
ಹಳದಿ ಪ್ಲಾಸ್ಟಿಕ್ ಚೀಟಿ, ಅಳಿಸದ ಶಾಯಿಯ ಪೆನ್ನು
(ಅಳಿಸದು ಅಂತ ಹೊಸೂರಿನ ಅಂಗಡಿಯವನ ಮಾತು).
ಮೇಲೆ ಇಂಗ್ಲಿಷು, ಕೆಳಗೆ ತಮಿಳು.
ಹಿಂದುಗಡೆ, ಯಜಮಾನ ಲೂರ್ದುಸ್ವಾಮಿ ತಿರುಗಿಸಿ ನೋಡದ ಕಡೆ,
ನನ್ನ ಚಟಕ್ಕೊಂದು ಸಾಲು ಕನ್ನಡ.

ಈ ಸಲ ಊಟಿಯ ಲಾರಿ ಇಳಿಸಿ ಹೋದದ್ದು
ನಾಲ್ಕು ಸಾಲು ಟೀ ಗಿಡ.
ಟೀ ಅಲ್ಲ.
ಕೋತಗಿರಿಯ ಟೀಗೂ ಇದಕ್ಕೂ
ಕೊಟ್ಟು ತಂದ ಸಂಬಂಧ ಕೂಡ ಇಲ್ಲ.
ಯಾವುದೋ ಕಾಲದ ಹಡಗಿನವರು
ಕಾಣದ ನೆಲದಲ್ಲಿಳಿದು ಇದರ ಸೊಪ್ಪು ಕುದಿಸಿ ಕುಡಿದರಂತೆ,
ನೆನಪಿಗೆ ಬಂದ ಹೆಸರನ್ನೇ ಇಟ್ಟರಂತೆ.
ಮನೆ ಬಿಟ್ಟವರು ಹೆಸರಿಡುವುದು ಹಾಗೇ.

ಸೂಜಿಮೊನೆ ಎಲೆ. ರಾಗಿಕಾಳಿಗಿಂತ ಚೂರು ದಪ್ಪ ಮೊಗ್ಗು.
ಅರಳಿದರೆ ಐದು ಎಸಳು, ನಡುವೆ ಕಪ್ಪು ಬೊಟ್ಟು.
'ಮೂಗು ಚುಚ್ಚಿಸ್ಕೊಂಡು ಅಳೋಕೆ ಮುಂಚಿನ ಮಗಾ ಇದ್ದಂಗೈತೆ'
ಎಂದಳು ಪಿಳ್ಳಮ್ಮ.

ಪಿಳ್ಳಮ್ಮನಿಗೆ ಓದು ಬರದು. ಎಡಗಿವಿ ಕೇಳದು.
ಬೆಳಗಾಗೆದ್ದು ಗಿಡಗಳಿಗೆ ನೀರು ತಳಿಯುತ್ತಾಳೆ
(ನಮ್ಮೂರಲ್ಲಿ ಅದೂ ತಳಿಯೇ).
ನಾನು ಓದುತ್ತೇನೆ, ಅವಳು ಬಲಗಿವಿ ತರುತ್ತಾಳೆ.
ರೂಬಿ ಗ್ಲೋ, ಎಂದರೆ, 'ಕುಂಕುಮದ ಭರಣಿ.'
ಬರ್ಗಂಡಿ ಕ್ವೀನ್, ಎಂದರೆ, 'ಬೀಟ್ರೂಟು ಹೆಚ್ಚಿದ ಕೈ.'
ಸ್ನೋ ಫ್ಲರಿ, ಎಂದರೆ, ಬಿಳಿಯ ಮುದ್ದೆ ಮುದ್ದೆ ಹೂವು ನೋಡಿ,
'ಭತ್ತದ ಅರಳು. ಅರಳಿದ್ದು ಅರಳಲ್ದೆ ಇನ್ನೇನು?'

ಕೊನೆಯದು ಕುಳ್ಳ. ಮೊಣಕಾಲು ದಾಟುವುದಿಲ್ಲವಂತೆ.
ಕಂಚು ಮಾಸಿದ ಬಣ್ಣದ ಎಲೆ.
ಕಿವಿ, ಎಂದೆ.
'ಯಾರ್ದು?' ಎಂದಳು.
ಅಲ್ಲ ಪಿಳ್ಳಮ್ಮ, ಅದು ಆ ಕಡೆ ದ್ವೀಪದ ಹಾರದ ಹಕ್ಕಿ.
ಅವಳಿಗೆ ಬೇಕಾದಷ್ಟು ಕೇಳಿಸಿತ್ತು.
ಬಗ್ಗಿ ಎಡಗಿವಿಯನ್ನೇ ಗಿಡಕ್ಕೆ ಹಚ್ಚಿ ಕೂತಳು, ಬೀಡಿ ಸೇದುವಷ್ಟು ಹೊತ್ತು.

ಕತ್ತರಿ ಕೊಟ್ಟು ಕಲಿಸಿದಳು:
'ಎಳೇ ತುದಿಗೆ ಮಾತ್ರ ಇಕ್ಕಮ್ಮಿ.
ಎಲೆ ಬಿಟ್ಟ ಹಳೇ ಕಟ್ಟಿಗೆಗೆ ಇಕ್ಕಿದ್ರೆ
ಇದು ಸಿಟ್ಟು ಮರೆಯಾಕಿಲ್ಲ, ತಿರುಗಿ ಚಿಗುರಾಕಿಲ್ಲ.
ಬೇರು ಕೆದಕಬ್ಯಾಡ. ಬೇರು ಕೆದಕಿದ್ರೆ ಯಾರು ಬದುಕ್ತಾರೆ?'

ಚೈತ್ರದಲ್ಲಿ ಆಲಿಕಲ್ಲು ಬಿತ್ತು.
ನೆರಳುಬಲೆ ಹರಿದು ಜವಳಗಿರಿಯ ಕಡೆ ಹಾರಿತು.
ಚೀಟಿಗಳು ಮೋರಿಯಲ್ಲಿ,
ಅಳಿಸದ ಶಾಯಿ ನೀಲಿ ಕಣ್ಣೀರಾಗಿ ಹರಿದಿತ್ತು.
ನಾಳೆ ಲಾರಿ. ಒಂದು ಗಿಡದಲ್ಲೂ ಹೂವಿಲ್ಲ.
ಯಾವುದು ಯಾವುದು? ಲೂರ್ದುಸ್ವಾಮಿ ತಲೆಯ ಮೇಲೆ ಕೈ,
ತಮಿಳಲ್ಲಿ ಬೈದು, ತೆಲುಗಲ್ಲಿ ಬೈದು,
ಸುಸ್ತಾದ ಮೇಲೆ ಕನ್ನಡದಲ್ಲಿ ಕೇಳಿದರು: 'ಪಿಳ್ಳಮ್ಮಾ?'

ಅವಳು ಒಂದೊಂದು ಎಲೆ ಚಿವುಟಿ ಬೆರಳಲ್ಲಿ ತೀಡಿ
ಮೂಸುತ್ತ ನಡೆದಳು ಸಾಲುದ್ದ.
'ಭರಣಿ. ಭರಣಿ. ಅರಳು. ಬೀಟ್ರೂಟು. ಭರಣಿ.'
ನಾನು ಹಿಂದೆ ಹಿಂದೆ ಬರೆಯುತ್ತ, ಮೊದಲ ಸಲ
ಕನ್ನಡದಿಂದ ಇಂಗ್ಲಿಷಿಗೆ.
ಒಂದೂ ತಪ್ಪಿರಲಿಲ್ಲವೆಂದು ಆಮೇಲೆ ಹೂವು ಹೇಳಿದವು;
ಎರಡು ತಪ್ಪಿದ್ದವು, ಅದನ್ನು ಕೊಂಡವರು ಹೇಳಲಿಲ್ಲ.

ಕಿವಿ ಲಾರಿ ಹತ್ತಲಿಲ್ಲ. ಪಂಪು ಮನೆಯ ಹಿಂದೆ ಅದರ ಕುಂಡ.
ನಾನು ಲೆಕ್ಕದ ಪುಸ್ತಕದಲ್ಲಿ 'ಆಲಿಕಲ್ಲಿಗೆ ಒಂದು' ಎಂದು ಬರೆದೆ.

ಮಳೆಗಾಲ ಕಳೆದು, ಮೋರಿಯ ಇಟ್ಟಿಗೆ ಸಂದಿಯಲ್ಲಿ
ಸೂಜಿಮೊನೆಯ ಒಂದು ಸಸಿ.
ಯಾವುದೋ ಒಣ ಬುರುಡೆ ಒಡೆದು ಬಿದ್ದ ಧೂಳಿನಷ್ಟು ಬೀಜ.
ಬೀಜದ್ದು ತಾಯಿಯಂತಿರುವುದಿಲ್ಲ.
ಕೆಂಪೋ ಬಿಳಿಯೋ, ಕುಳ್ಳೋ ಉದ್ದವೋ,
ಪುಸ್ತಕದಲ್ಲಿಲ್ಲ, ಪಟ್ಟಿಯಲ್ಲಿಲ್ಲ, ಬೆಲೆಯಿಲ್ಲ.
ಏನಂತ ಬರೀಲಿ?

ಪಿಳ್ಳಮ್ಮ ಮೂಸಿದಳು. ಅವಳಿಗೂ ಗೊತ್ತಾಗಲಿಲ್ಲ.
'ಇಲ್ಲೇ ಹುಟ್ಟೈತೆ,' ಎಂದಳು, 'ಊರ ಹೆಸರು ಬರಿ.'

ಪೆನ್ನು ಒಣಗಿತ್ತು.
ಮೊಳೆಯಲ್ಲಿ ಗೀಚಿದೆ.