ದುಭಾಷಿ

ಬಾಂದ್ರಾದ ಲೇಬರ್ ಕೋರ್ಟು, ಎರಡನೇ ಮಹಡಿ.
ಫ್ಯಾನಿಗೆ ಮೂರು ರೆಕ್ಕೆ, ಒಂದು ಸೊಟ್ಟ.
ನಾನು ದಿನಗೂಲಿ ದುಭಾಷಿ. ಈ ಕಡೆ ಕನ್ನಡ,
ಆ ಕಡೆ ಮರಾಠಿ, ಮೇಲೆ ಕೂತವರಿಗೆ ಇಂಗ್ಲಿಷು.

ಕಟಕಟೆಯಲ್ಲಿ ಸಾಬವ್ವ, ಇಂಡಿ ತಾಲೂಕಿನಾಕಿ,
ಭಾಂಡುಪಿನ ಚಾಳಿನಲ್ಲಿ ನಲವತ್ತೊಂದು ವರ್ಷ.
ಗಂಡ ಮಾನಪ್ಪ ಶೀಟಿನ ಕಾರ್ಖಾನೆಯಲ್ಲಿ ಚೀಲ ಸುರಿದವನು.
ಕಲ್ಲಿನ ಹತ್ತಿ ಅದು. ಬಿಳಿ, ಮೊಲದ ರೋಮದಷ್ಟು ಮೆತ್ತಗೆ.
ಅವನ ದಾವೆ ಅವನ ಜೊತೆಗೇ ಹೋಯಿತು.
ಇದು ಇವಳದು.

"ನೀವು ಎಂದಾದರೂ ಕಾರ್ಖಾನೆಯ ಗೇಟು ದಾಟಿದ್ದೀರಾ?"
ಕಂಪನಿಯ ವಕೀಲರು ಕೇಳಿದರು, ಬಹಳ ಮರ್ಯಾದೆಯಿಂದ.
"ಇಲ್ರಿ."
"ಮಸ್ಟರ್ ರೋಲಿನಲ್ಲಿ ನಿಮ್ಮ ಹೆಸರು?"
"ಇಲ್ರಿ. ನಾ ಅಂವನ ಅಂಗಿ ಒಗೀತಿದ್ದೆ.
ಮೊದಲ ಹೊಸ್ತಿಲದಾಗ ನಿಂದರಿಸಿ ಝಾಡಸ್ತಿದ್ದೆ.
ಹಿಟ್ಟು ಹಾರಿದಂಗ ಹಾರ್ತಿತ್ತು. ಕೂಸು ಕೈ ಚಾಚಿ ಹಿಡೀತಿತ್ತು.
ನಗ್ತಿದ್ವಿ."

ನಗ್ತಿದ್ವಿ ಎಂಬುದನ್ನು ಟೈಪಿಸ್ಟ್ ಬಿಟ್ಟಳು.
ಆ ಕೂಸು ಹೊರಗೆ ಬೆಂಚಿನ ಮೇಲೆ
ತಾಯಿಯ ನೀರಿನ ಬಾಟಲಿ ಹಿಡಿದು ಕೂತಿದೆ, ಮೂವತ್ತಾರು ವರ್ಷ,
ಆಗಾಗ ಗಂಟಲು ಸರಿಮಾಡಿಕೊಳ್ಳುತ್ತ.

"ಕಾಯಿಲೆ ಶುರುವಾದದ್ದು ಯಾವಾಗ?"
"ದಮ್ಮು ಬಂದಿದ್ದು ಮಗಳ ಲಗ್ನದಾಗ. ಈಗ ದಮ್ಮೇ ಇಲ್ಲ."
ಬಂದದ್ದೋ, ಇಲ್ಲದ್ದೋ? ಸಾಹೇಬರು ನನ್ನತ್ತ ನೋಡಿದರು.
ಹೇಗೆ ಹೇಳಲಿ, ನಮ್ಮಲ್ಲಿ ರೋಗಕ್ಕೂ ಉಸಿರಿಗೂ
ಎದೆಗಾರಿಕೆಗೂ ಒಂದೇ ಮಾತು,
ಬಂದರೂ ಸಾಯುತ್ತೇವೆ, ಹೋದರೂ.
"ಶ್ವಾಸದ ತೊಂದರೆ," ಎಂದೆ.

"ಆಗಲೇ ಯಾಕೆ ದೂರು ಕೊಡಲಿಲ್ಲ?"
"ಮುಕಾದಮ ಹೇಳಿದ್ದ, ಎಲ್ಲೂ ಉಸಿರು ಬಿಡಬ್ಯಾಡಂತ."
ಇದನ್ನೂ ದಾಟಿಸಿದೆ. ಸುಮ್ಮನಿರು ಎಂಬುದಷ್ಟೇ ದಾಟಿತು,
ಉಸಿರು ಈಚೆಗೇ ಉಳಿಯಿತು.

ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದರು.
ಅದರ ಹಿಂದೆ ಹೈವೇ, ಬಸ್ಸುಗಳ ಸಾಲು.
ಒಂದು ಕಾಗೆ ಎಡ ಪುಪ್ಪುಸದೊಳಗಿಂದ
ಬಲಕ್ಕೆ ಹಾರಿಹೋಯಿತು. ಯಾರೂ ಅದನ್ನು ದಾಖಲಿಸಲಿಲ್ಲ.
ಮುಂದಿನ ವಾಯಿದೆ, ಆಗಸ್ಟ್ ಹತ್ತೊಂಬತ್ತು.

ಮೆಟ್ಟಿಲ ತಿರುವಿನಲ್ಲಿ ಕಟಾಂಜನ ಹಿಡಿದು ನಿಂತಳು.
ಹಳೆಯ ಕಡತಗಳ ಧೂಳು ನನ್ನ ಭುಜದ ಮೇಲೆ ಕೂತಿತ್ತು.
"ಸಾಹೇಬರಿಗೆ ಎಲ್ಲಾ ಹೇಳಿದೆಲ್ಲ?"
ಹೂಂ ಎಂದೆ.
ಅವಳು ಸೆರಗು ಮೂಗಿಗೆ ಒತ್ತಿ, ಮುಖ ಅತ್ತ ತಿರುಗಿಸಿ
ಅಂಗೈಯಿಂದ ನನ್ನ ಭುಜಕ್ಕೆ ಎರಡು ಸಲ ಬಡಿದಳು.
"ಮನಿ ಒಳಗ ಹೋಗೂ ಮುಂದ
ಹೊರಗ ಝಾಡಿಸ್ಕೊ ತಮ್ಮಾ. ನಿನ್ನಾಕಿ ಇರ್ತಾಳ."